ಗಂಗೋತ್ರಿಗೆ ದಿನಾ ಓಡಾಡಲಾ, ಹಾಸ್ಟೆಲ್ ಸೇರಲಾ?

ಕವಲಂದೆ ಹುಡುಗಿ:

ಎಲ್ಲರಿಗೂ ನಮಸ್ಕಾರ. ನಂದು ನಂಜನಗೂಡು ತಾಲ್ಲೂಕು, ಕವಲಂದೆ ಹತ್ರದ ಒಂದು ಹಳ್ಳಿ. ಬಿ.ಎ. ಮುಗೀತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ, ಅಂದ್ರೆ ಮಾನಸಗಂಗೋತ್ರಿ ಕ್ಯಾಂಪಸ್ಸಲ್ಲಿ, ಪ್ರಾಚೀನ ಇತಿಹಾಸ ಮತ್ತು ಪುರಾತತ್ತ್ವ ಎಂ.ಎ.ಗೆ ಸೀಟು ಸಿಕ್ಕಿದೆ. ನಮ್ಮ ಮನೇಲಿ ಎಂ.ಎ. ಅಂತ ಹೊರಟಿರೋದು ನಾನೇ ಮೊದಲು.

ಈಗಿರೋ ಪ್ರಶ್ನೆ ಒಂದೇ. ಅಪ್ಪ ಹೇಳ್ತಾರೆ, "ಶಕ್ತಿ ಯೋಜನೇಲಿ ಬಸ್ಸು ಫ್ರೀ ಇದೆ, ಬೆಳಿಗ್ಗೆ ಹೋಗು ಸಂಜೆ ಬಾ, ಹಾಸ್ಟೆಲ್ ಯಾಕೆ?" ಅಂತ. ಅವರು ಹೇಳೋದೂ ಸರಿ ಅನ್ಸುತ್ತೆ. ಅಮ್ಮಂಗೆ ಮಂಡಿ ನೋವು, ಮನೇಲಿ ಎರಡು ಹಸು ಇವೆ. ನಾನಿದ್ರೆ ಬೆಳಗಿನ ಕೊಟ್ಟಿಗೆ ಕೆಲಸ ಆಗುತ್ತೆ. ಆದ್ರೆ ಆರೂವರೆಗೆ ಮನೆ ಬಿಟ್ರೆ ಮತ್ತೆ ಮನೆ ಸೇರೋದು ರಾತ್ರಿ ಏಳೂವರೆ ಆಗಬಹುದು. ಗಂಗೋತ್ರಿಯಲ್ಲಿ ಓದಿದೋರು ಯಾರಾದ್ರೂ ಇದ್ರೆ ಹೇಳಿ: ಓಡಾಡಿಕೊಂಡು ಎಂ.ಎ. ಮಾಡಬಹುದಾ? ಹಾಸ್ಟೆಲ್‌ನಲ್ಲಿ ಇದ್ರೆ ನಿಜವಾಗ್ಲೂ ಏನಾದ್ರೂ ವ್ಯತ್ಯಾಸ ಆಗುತ್ತಾ, ಇಲ್ಲಾ ಬರೀ ಪ್ರಯಾಣ ಉಳಿಯುತ್ತೆ ಅಷ್ಟೇನಾ?

ಚಾಮರಾಜಪುರಂ ಪ್ಯಾಸೆಂಜರ್:

ಮಾಡಬಹುದು ತಂಗಿ. ನಾನು ನಂಜನಗೂಡಿಂದ ಎರಡು ವರ್ಷ ರೈಲಲ್ಲಿ ಓಡಾಡಿದೋನು, ಎಂ.ಕಾಂ. ಬಸ್ಸು ಫ್ರೀ ಇದ್ರೂ ಒಂದ್ಸಲ ರೈಲು ನೋಡು. ಚಾಮರಾಜನಗರದ ಪ್ಯಾಸೆಂಜರ್ ಕವಲಂದೆಯಲ್ಲೂ ನಿಲ್ಲುತ್ತೆ. ಮೈಸೂರು ಜಂಕ್ಷನ್ ತನಕ ಹೋಗಬೇಡ, ಚಾಮರಾಜಪುರಂನಲ್ಲೇ ಇಳಿ. ಅಲ್ಲಿಂದ ಬಲ್ಲಾಳ್ ವೃತ್ತದ ಕಡೆಯಿಂದ ಗಂಗೋತ್ರಿಗೆ ನಡ್ಕೊಂಡೇ ಹೋಗಬಹುದು, ಇಲ್ಲಾ ಆಟೋ ಹಂಚಿಕೊಳ್ಳಬಹುದು. ಪಾಸ್ ಮಾಡಿಸಿದ್ರೆ ಖರ್ಚು ತುಂಬಾ ಕಡಿಮೆ. ಬಸ್ಸಲ್ಲಿ ನಿಂತ್ಕೊಂಡು ಓದೋಕಾಗಲ್ಲ. ರೈಲಲ್ಲಿ ಕಿಟಕಿ ಪಕ್ಕ ಸೀಟು ಸಿಕ್ರೆ ಒಂದು ಅಧ್ಯಾಯ ಮುಗಿಯುತ್ತೆ. ನಾನು ಕಾಸ್ಟ್ ಅಕೌಂಟಿಂಗ್ ಪೂರ್ತಿ ರೈಲಲ್ಲೇ ಓದಿದ್ದು.

ನಮ್ಮಮ್ಮ ಒಬ್ಬರೇ ಇದ್ರು, ಹಾಗಾಗಿ ನಂಗೆ ಬೇರೆ ದಾರಿ ಇರ್ಲಿಲ್ಲ. ಪಶ್ಚಾತ್ತಾಪ ಇಲ್ಲ.

ನರಸೀಪುರದ ಟೀಚರ್:

ತಂಗಿ, ಪ್ಯಾಸೆಂಜರ್ ಅಣ್ಣ ಹೇಳಿದ್ದನ್ನ ನಾನು ತೆಗೆದುಹಾಕಲ್ಲ. ಆದ್ರೆ ನಾನು ಎರಡನ್ನೂ ಮಾಡಿ ನೋಡಿದೋಳು. ಮೊದಲ ವರ್ಷ ತಿ. ನರಸೀಪುರ ಕಡೆಯ ನಮ್ಮೂರಿಂದ ಓಡಾಡಿದೆ, ಎರಡನೇ ವರ್ಷ ಹಾಸ್ಟೆಲ್‌ನಲ್ಲಿದ್ದೆ. ನಿಂಗೆ ಸೀಟು ಸಿಕ್ಕಿರೋ ವಿಭಾಗದಲ್ಲೇ, 2012ರಿಂದ 14ರ ತನಕ. ಈಗ ಪಿ.ಯು. ಕಾಲೇಜಲ್ಲಿ ಇತಿಹಾಸ ಪಾಠ ಮಾಡ್ತೀನಿ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೀತಿದ್ದೀನಿ.

ಮೊದಲ ವರ್ಷ ನನ್ನ ದಿನ ಹೇಗಿತ್ತು ಅಂದ್ರೆ, ಊರಿಂದ ನರಸೀಪುರ ಒಂದು ಬಸ್ಸು, ಅಲ್ಲಿಂದ ಮೈಸೂರು ಇನ್ನೊಂದು, ಆಮೇಲೆ ಸಿಟಿ ಬಸ್ಸು. ಕ್ಲಾಸಿಗೆ ಹೋಗಿ ಕೂರೋ ಹೊತ್ತಿಗೇ ಅರ್ಧ ಸುಸ್ತು. ಮೂರು ಗಂಟೆ ದಾಟ್ತಿದ್ದಂಗೆ ಕಣ್ಣು ಗಡಿಯಾರದ ಮೇಲೆ. ಮೇಷ್ಟ್ರು ಏನೋ ಒಳ್ಳೇ ವಿಷಯ ಎತ್ತಿಕೊಂಡಿರ್ತಾರೆ, ನಾನು ಬ್ಯಾಗಿನ ಜಿಪ್ ಹಾಕ್ತಿರ್ತೀನಿ. ಹಾಗಂತ ಅಂಕ ಏನೂ ಕಡಿಮೆ ಬರಲಿಲ್ಲ. ಸಿ1, ಸಿ2 ಟೆಸ್ಟ್, ಸೆಮಿನಾರ್, ಕೊನೆಗೆ ಸಿ3 ಪರೀಕ್ಷೆ, ಎಲ್ಲಾ ಪಾಸು. ಕಡ್ಡಾಯದ್ದು, ಆಯ್ಕೆದು ಅಂತ ಎಲ್ಲಾ ಪತ್ರಿಕೆಗಳ ಕ್ರೆಡಿಟ್ಟುಗಳೂ ತುಂಬಿದವು. ಅಂಕದ ಪ್ರಕಾರ ನೋಡಿದ್ರೆ ಓಡಾಡಿದ್ದರಿಂದ ಏನೂ ನಷ್ಟ ಆಗಿರಲಿಲ್ಲ. ಏನು ಕಳ್ಕೊಂಡಿದ್ದೆ ಅಂತ ಗೊತ್ತಾಗಿದ್ದು ಎರಡನೇ ವರ್ಷ.

ಹಾಸ್ಟೆಲ್ ಸೇರಿದ ಮೊದಲ ತಿಂಗಳು, ಒಂದು ಸಂಜೆ ಲೈಬ್ರರಿಯಲ್ಲಿ ಸುಮ್ಮನೆ ರ‍್ಯಾಕ್ ನೋಡ್ತಾ ಇದ್ದೆ. ಅಸೈನ್‌ಮೆಂಟ್ ಇರಲಿಲ್ಲ, ಬಸ್ಸು ಹಿಡಿಯೋ ಆತುರವೂ ಇರಲಿಲ್ಲ. ಅಲ್ಲಿ ನಮ್ಮ ನಾಡಿನ ಶಾಸನಗಳನ್ನ ಒಟ್ಟು ಮಾಡಿರೋ ಎಪಿಗ್ರಾಫಿಯಾ ಕರ್ನಾಟಿಕಾದ ಮೂರನೇ ಸಂಪುಟ ಕೈಗೆ ಬಂತು. ಬಿ.ಎಲ್. ರೈಸ್ ಅವರು ಹೊರತಂದದ್ದು, 1894ರದು. ನಮ್ಮ ತಾಲ್ಲೂಕಿನ ಶಾಸನಗಳು ಅದರಲ್ಲಿವೆ, ನಿಮ್ಮ ನಂಜನಗೂಡಿನದೂ ಅದರಲ್ಲೇ ಇವೆ. ಊರಿನ ಹೆಸರುಗಳ ಮೇಲೆ ಬೆರಳಾಡಿಸ್ತಾ ಹೋದೆ. ನಮ್ಮೂರ ಹೆಸರು ಸಿಕ್ಕಿತು.

ನಮ್ಮೂರ ಬಸವನ ಗುಡಿ ಮುಂದೆ ಒಂದು ಕಲ್ಲು ಇದೆ. ಚಿಕ್ಕಂದಿನಿಂದ ನೋಡಿದ್ದೀನಿ. ಅಜ್ಜಿ ಅದಕ್ಕೆ ಅರಿಶಿನ ಇಡ್ತಿದ್ದರು, ಹುಡುಗರು ಅದರ ನೆತ್ತಿ ಮೇಲೆ ಕುಡುಗೋಲು ಮಸೀತಿದ್ದರು. ಮಸೆದು ಮಸೆದು ಅಲ್ಲೊಂದು ಗುಳಿ ಬಿದ್ದಿದೆ. ಪುಸ್ತಕದಲ್ಲಿ ಬರೆದಿತ್ತು, ಅದು ವೀರಗಲ್ಲು ಅಂತ. ತುರುಗಳನ್ನ ಹೊಡ್ಕೊಂಡು ಹೋಗ್ತಿದ್ದೋರನ್ನ ಅಡ್ಡಗಟ್ಟಿ, "ತುಱುವಂ ಮಗುಳ್ಚಿ" ಸತ್ತ ಒಬ್ಬನ ಕಲ್ಲು. ಹಸುಗಳನ್ನ ಹಿಂದಕ್ಕೆ ತಿರುಗಿಸಿ ಪ್ರಾಣ ಬಿಟ್ಟೋನು. ಅವನ ಹೆಸರೂ ಇತ್ತು. ಅಷ್ಟು ವರ್ಷ ನಮ್ಮೂರಲ್ಲಿ ಯಾರಿಗೂ ಆ ಹೆಸರು ಗೊತ್ತಿರಲಿಲ್ಲ, ಗಂಗೋತ್ರಿಯ ರ‍್ಯಾಕಿನಲ್ಲಿ ಇತ್ತು. ಆವತ್ತು ಲೈಬ್ರರಿಯಲ್ಲಿ ಕೂತು ಅತ್ತಿದ್ದೀನಿ ತಂಗಿ.

ಆ ಭಾನುವಾರ ಊರಿಗೆ ಹೋದೆ. ಅಪ್ಪ ಒಂದು ಬಿಂದಿಗೆ ನೀರು ತಂದ್ರು. ಮೆತ್ತಗಿನ ಬಟ್ಟೆ ಅದ್ದಿ ಕಲ್ಲು ಒರೆಸಿದೆವು. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಅಕ್ಷರ ಎದ್ದು ಕಾಣುತ್ತೆ, ಇದನ್ನ ಮೇಷ್ಟ್ರು ಹೇಳಿಕೊಟ್ಟಿದ್ದರು. ಎರಡನೇ ಸಾಲಲ್ಲಿ "ತುಱು" ಅನ್ನೋದನ್ನ ನಾನೇ ಓದಿದೆ. ಅಪ್ಪ ಅಕ್ಷರದ ಮೇಲೆ ಬೆರಳಿಟ್ಟು ನಿಂತುಬಿಟ್ರು. ಆಮೇಲೆ ಆ ಕಲ್ಲಿನ ಮೇಲೆ ಯಾರೂ ಕುಡುಗೋಲು ಮಸೆಯೋ ಹಾಗಿಲ್ಲ ಅಂತ ಅವರೇ ಊರಲ್ಲಿ ಹೇಳಿದ್ರು.

ನಿಂಗೆ ಹೇಳಬೇಕು ಅಂತಿದ್ದದ್ದು ಇದು. ಇದು ಸಿಲಬಸ್‌ನಲ್ಲಿ ಇರಲಿಲ್ಲ. ಹತ್ತರಿಂದ ನಾಲ್ಕರ ಒಳಗೆ ಸಿಗೋದೂ ಅಲ್ಲ. ಕ್ಲಾಸ್ ಬಿಟ್ಟ ಮೇಲಿನ ಹೊತ್ತಲ್ಲಿ ಸಿಗುತ್ತೆ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಸೀನಿಯರ್ ಜೊತೆ ನಡೀತಾ ಹಳಗನ್ನಡ ಲಿಪಿ ಕಲಿತೆ. ಹೆಜ್ಜಾರ್ಲೆಗಳು ನೀರಿಗೆ ಇಳೀತಿರ್ತವೆ, ಅವಳು ಮಣ್ಣಲ್ಲಿ ಕಡ್ಡೀಲಿ "ೞ" ಬರೆದು ತೋರಿಸ್ತಿದ್ದಳು. ನಮ್ಮ ನರಸೀಪುರದ ಹೊಳೆದಂಡೆಯಲ್ಲೇ ಎಂ. ಶೇಷಾದ್ರಿ ಅವರು ಉತ್ಖನನ ಮಾಡಿ ನವಶಿಲಾಯುಗದ ನೆಲೆ ಪತ್ತೆ ಮಾಡಿದ್ದರು, ಅಲ್ಲಿ ಸುಟ್ಟ ಮಣ್ಣಿನ ತಲೆದಿಂಬು ಸಿಕ್ಕಿತ್ತು ಅನ್ನೋದೂ ನಂಗೆ ಗೊತ್ತಾಗಿದ್ದು ಹಾಸ್ಟೆಲ್ ಮೆಸ್ಸಿನ ಊಟದ ಹೊತ್ತಿನ ಮಾತಲ್ಲಿ. ದಿನಾ ಬಸ್ಸು ಹತ್ತುತ್ತಿದ್ದದ್ದು ಅಲ್ಲೇ ಪಕ್ಕದಲ್ಲಿ!

ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೂ ಹೋಗು, ಮರೀಬೇಡ. 1891ರಲ್ಲಿ ಶುರುವಾದದ್ದು. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯನ್ನ ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿದ್ದು ಅಲ್ಲೇ, 1909ರಲ್ಲಿ ಅಚ್ಚಾಯಿತು. ನೀನು ಓದೋಕೆ ಹೊರಟಿರೋ ವಿಷಯಕ್ಕೆ ಅದು ತವರುಮನೆ ಇದ್ದ ಹಾಗೆ.

ಖರ್ಚಿನ ವಿಚಾರ. ನೀವು ಹಿಂದುಳಿದ ವರ್ಗಕ್ಕೆ ಸೇರಿದ್ರೆ ಬಿ.ಸಿ.ಎಂ. ಹಾಸ್ಟೆಲ್‌ಗೆ, ಪರಿಶಿಷ್ಟ ಜಾತಿಯೋರಾದ್ರೆ ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲ್‌ಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕು. ಊಟ, ವಸತಿ ಎರಡೂ ಉಚಿತ. ಹಿಂದುಳಿದ ವರ್ಗದೋರಿಗೆ ಹಾಸ್ಟೆಲ್ ಸಿಗದೇ ಹೋದ್ರೆ ವಿದ್ಯಾಸಿರಿ ಇದೆ, ಊಟ ವಸತಿಗೆ ಅಂತ ಸರ್ಕಾರ ಕೊಡೋ ಸಹಾಯಧನ. ಈ ವರ್ಷದ ಕೊನೇ ದಿನಾಂಕ ಯಾವುದು ಅಂತ ಇವತ್ತೇ ನೋಡ್ಕೋ. ಜಾತಿ, ಆದಾಯ ಪ್ರಮಾಣಪತ್ರ, ಆಧಾರ್ ಜೋಡಿಸಿರೋ ಬ್ಯಾಂಕ್ ಪಾಸ್‌ಬುಕ್ ಮೊದಲೇ ಸರಿ ಮಾಡಿಟ್ಕೋ. ಹೆಸರಲ್ಲಿ ಒಂದಕ್ಷರ ವ್ಯತ್ಯಾಸ ಇದ್ದದ್ದಕ್ಕೆ ನನ್ನ ಗೆಳತಿಗೆ ದುಡ್ಡು ಬರೋಕೆ ತಿಂಗಳುಗಟ್ಟಲೆ ಆಯ್ತು.

ಅಪ್ಪಂಗೆ ಬಾಯಲ್ಲಿ ಹೇಳಿದ್ರೆ ಆಗಲ್ಲ, ಒಂದ್ಸಲ ಕರ್ಕೊಂಡು ಬಾ. ನಮ್ಮಪ್ಪ ಮೊದಲ ಸಲ ಬಂದಾಗ "ಮಾನಸಗಂಗೋತ್ರಿ ಅಂತ ಯಾಕೆ ಹೆಸರು, ಇಲ್ಲಿ ಗಂಗೆ ಎಲ್ಲಿ?" ಅಂತ ಕೇಳಿದ್ರು. ಕುವೆಂಪು ಅವರು ಕುಲಪತಿಯಾಗಿದ್ದಾಗ ಇಟ್ಟ ಹೆಸರು ಅಂದೆ. ಅಷ್ಟಕ್ಕೇ ಅವರಿಗೆ ಜಾಗದ ಮೇಲೆ ಒಂದು ನಂಬಿಕೆ ಬಂತು.

ಬಕೆಟ್ಟು ತಂಬಿಗೆ:

ಒಂದು ಮಾತು ಸೇರಿಸ್ತೀನಿ. ನಾನು ಓದಿದ್ದು ಬೇರೆ ವಿಶ್ವವಿದ್ಯಾಲಯ, ಹೆಸರು ಬೇಡ. ಅಲ್ಲಿ ಬೇಸಿಗೇಲಿ ಲೇಡೀಸ್ ಹಾಸ್ಟೆಲ್‌ಗೆ ನೀರು ಬರ್ತಿದ್ದದ್ದು ಬೆಳಗಿನ ಜಾವ ನಾಲ್ಕಕ್ಕೆ. ಎದ್ದು ಬಕೆಟ್ ಸಾಲಿಗೆ ಇಡದೇ ಇದ್ರೆ ಆವತ್ತು ಸ್ನಾನ ಇಲ್ಲ. ಮೂವರ ರೂಮಲ್ಲಿ ಆರು ಜನ ಇದ್ದೆವು. ನಾನು ನೆಲದ ಮೇಲೆ ಚಾಪೆ ಹಾಸ್ಕೊಂಡು ಒಂದು ಸೆಮಿಸ್ಟರ್ ಕಳೆದೆ, ಆ ಚಳೀಲಿ ಹಿಡಿದ ಸೊಂಟ ನೋವು ಬಹಳ ದಿನ ಬಿಡಲಿಲ್ಲ.

ಹಾಸ್ಟೆಲ್ ಬೇಡ ಅಂತ ಹೇಳ್ತಿಲ್ಲ ಕಣಮ್ಮಾ. ಸೇರೋ ಮುಂಚೆ ನೀನೇ ಹೋಗಿ ನೋಡು. ಬರೀ ವಾರ್ಡನ್ ರೂಮಲ್ಲಿ ಕೂತು ಬರಬೇಡ. ಬಾತ್‌ರೂಮಿನ ನಲ್ಲಿ ತಿರುಗಿಸಿ ನೋಡು, ಚಿಲಕ ಹಾಕುತ್ತಾ ನೋಡು, ಒಂದು ರೂಮಲ್ಲಿ ಎಷ್ಟು ಮಂಚ ಎಷ್ಟು ಜನ ಅಂತ ಎಣಿಸು. ಅಲ್ಲಿರೋ ಹುಡುಗೀರನ್ನ ಕೇಳು, ರಾತ್ರಿ ಹುಷಾರು ತಪ್ಪಿದ್ರೆ ಯಾರು ಕರ್ಕೊಂಡು ಹೋಗ್ತಾರೆ ಅಂತ. ಅವರು ಉಳಿದದ್ದನ್ನೂ ಹೇಳ್ತಾರೆ.

ಚಾಮರಾಜಪುರಂ ಪ್ಯಾಸೆಂಜರ್:

ಟೀಚರಮ್ಮ ಬರೆದದ್ದನ್ನ ಎರಡು ಸಲ ಓದಿದೆ. ನಾನು ಎರಡು ವರ್ಷದಲ್ಲಿ ಒಂದು ದಿನವೂ ಕುಕ್ಕರಹಳ್ಳಿ ಏರಿ ಮೇಲೆ ಸಂಜೆ ನಡೆದೋನಲ್ಲ. ತಂಗಿ, ಹಸು ನೋಡ್ಕೊಳ್ಳೋಕೆ ಮನೇಲಿ ಬೇರೆ ಯಾರಾದ್ರೂ ಇದ್ರೆ ಹಾಸ್ಟೆಲ್ ಸೇರು. ಶನಿವಾರ ಮಧ್ಯಾಹ್ನ ಹೊರಟು ಸೋಮವಾರ ಬೆಳಿಗ್ಗೆ ವಾಪಸ್ ಬರಬಹುದು.

ಕವಲಂದೆ ಹುಡುಗಿ:

ಎಲ್ಲರಿಗೂ ತುಂಬಾ ಧನ್ಯವಾದ. ಟೀಚರಕ್ಕನ ಉತ್ತರವನ್ನ ರಾತ್ರಿ ಊಟ ಆದ ಮೇಲೆ ಅಪ್ಪಂಗೆ ಓದಿ ಹೇಳಿದೆ. ವೀರಗಲ್ಲಿನ ಭಾಗ ಬಂದಾಗ ಇನ್ನೊಂದ್ಸಲ ಓದು ಅಂದ್ರು. ಹಾಸ್ಟೆಲ್‌ಗೆ ಹೂಂ ಅಂದಿಲ್ಲ, ಆದ್ರೆ ಶುಕ್ರವಾರ ಇಬ್ಬರೂ ಮೈಸೂರಿಗೆ ಬರ್ತಿದ್ದೀವಿ. ಹಸು ವಿಷಯ ಚಿಕ್ಕಮ್ಮನ ಹತ್ರ ಮಾತಾಡ್ತೀನಿ ಅಂತ ಅಮ್ಮ ಹೇಳಿದಾರೆ. ನಲ್ಲಿ ತಿರುಗಿಸಿ ನೋಡ್ತೀನಿ ಅಕ್ಕ, ಮಂಚಾನೂ ಎಣಿಸ್ತೀನಿ.

ಟೀಚರಕ್ಕಾ, ಇನ್ನೊಂದು ಕೇಳಬೇಕು. ನಮ್ಮೂರ ಮಾರಿಗುಡಿ ಹಿಂದೆ ಅರ್ಧ ಹೂತಿರೋ ಒಂದು ಕಲ್ಲಿದೆ. ಮೇಲ್ಗಡೆ ಸೂರ್ಯ ಚಂದ್ರ ಕೆತ್ತಿದಾರೆ, ಕೆಳಗೆ ಏನೋ ಅಕ್ಷರ. ಅದು ಆ ಪುಸ್ತಕದಲ್ಲಿ ಇದೆಯಾ ಅಂತ ಹೇಗೆ ಹುಡುಕೋದು?

ನರಸೀಪುರದ ಟೀಚರ್:

ಅದೇ ಮೂರನೇ ಸಂಪುಟ ತೆಗಿ. ಒಳಗೆ ತಾಲ್ಲೂಕುವಾರು ಇದೆ, ನಂಜನಗೂಡು ತಾಲ್ಲೂಕಿನ ಶಾಸನಗಳಿಗೆ ಬೇರೆಯೇ ಕ್ರಮಸಂಖ್ಯೆ. ಪ್ರತಿ ಶಾಸನದ ತಲೆ ಮೇಲೆ ಊರಿನ ಹೆಸರು, ಕಲ್ಲು ಎಲ್ಲಿದೆ ಅನ್ನೋದು ಕೊಟ್ಟಿರ್ತಾರೆ. ಊರಿನ ಹೆಸರು ಹಳೇ ರೂಪದಲ್ಲಿ ಇರಬಹುದು, ಅಜ್ಜ ಅಜ್ಜಿಯರು ಊರನ್ನ ಏನಂತ ಕರೀತಿದ್ದರು ಅಂತ ಕೇಳ್ಕೊಂಡು ಹೋಗು. ಅದರಲ್ಲಿ ಸಿಗದೇ ಇದ್ರೆ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ ಆಮೇಲೆ ತಂದ ಪರಿಷ್ಕೃತ ಸಂಪುಟ ನೋಡು. ಅದರಲ್ಲೂ ಇಲ್ಲ ಅಂದ್ರೆ ಕಲ್ಲನ್ನ ಯಾರೂ ಅಲ್ಲಾಡಿಸದ ಹಾಗೆ ನೋಡ್ಕೋ, ಕೀಳೋಕೆ ಹೋಗಬೇಡ, ಸುಣ್ಣ ಬಳಿಯೋಕೂ ಬಿಡಬೇಡ. ಸಂಜೆ ಐದರ ಬಿಸಿಲಲ್ಲಿ ಪಕ್ಕದಿಂದ ಒಂದು ಫೋಟೋ ತೆಗೆದು ಇಲ್ಲಿ ಹಾಕು.