ಸ್ವತಃ ಕಟ್ಟಿದ ಜಲಾಂತರ್ಗಾಮಿಗಳ ಕೂಟ: ಒಟ್ಟಾಗಿ ಮುಳುಗುವ ಮುನ್ನ ತಿಳಿದಿರಬೇಕಾದದ್ದು

ಕೋರಿಕೆ

ಒಬ್ಬರು ಅಥವಾ ಇಬ್ಬರು ಕೂರಬಹುದಾದ ಪುಟ್ಟ ಜಲಾಂತರ್ಗಾಮಿಗಳನ್ನು ನಾವು ಕೆಲವು ಹವ್ಯಾಸಿಗಳು ಸ್ವತಃ ಕಟ್ಟಿಕೊಂಡಿದ್ದೇವೆ. ಇಷ್ಟು ದಿನ ಅವರವರ ಪಾಡಿಗೆ ನೀರಿಗಿಳಿಯುತ್ತಿದ್ದ ನಾವು ಈಗ ಎರಡು ದಿನದ ಮಟ್ಟಿಗೆ ಒಂದೇ ಕಡೆ ಸೇರಬೇಕೆಂದಿದ್ದೇವೆ. ಆರು ನೌಕೆಗಳು ಬರಬಹುದು. ಕೆಲವು 40 ಮೀಟರ್ ಆಳಕ್ಕೆ, ಕೆಲವು 100 ಮೀಟರ್ ಆಳಕ್ಕೆ ಪರೀಕ್ಷೆಗೊಂಡಿವೆ. ಜಾಗವನ್ನು ಹೇಗೆ ಆರಿಸಬೇಕು, ಒಂದೇ ಸಮಯದಲ್ಲಿ ಎಷ್ಟು ನೌಕೆಗಳನ್ನು ಇಳಿಸಬಹುದು, ಮೇಲೆ ಏನೇನು ವ್ಯವಸ್ಥೆ ಇರಬೇಕು ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಇಂತಹ ಕೂಟಗಳ ಮೇಲ್ವಿಚಾರಣೆ ಮಾಡಿದವರೊಬ್ಬರ ಉತ್ತರ

ಕೂಟದ ಮಿತಿಯನ್ನು ನಿಮ್ಮ ನೌಕೆಗಳ ಸಾಮರ್ಥ್ಯದಿಂದ ನಿರ್ಧರಿಸಬೇಡಿ. ನೀರಿನ ಮೇಲೆ ನಿಂತು ಕಾಯುವವರ ಸಾಮರ್ಥ್ಯದಿಂದ ನಿರ್ಧರಿಸಿ. ನೌಕೆಯೊಂದು ಕೆಳಗೆ ಸಿಕ್ಕಿಕೊಂಡರೆ ಅದರ ಬಳಿಗೆ ಯಾರು, ಎಷ್ಟು ಹೊತ್ತಿನಲ್ಲಿ, ಯಾವ ಸಲಕರಣೆಯೊಡನೆ ಹೋಗಬಲ್ಲರು ಎಂಬ ಪ್ರಶ್ನೆಗೆ ಉತ್ತರ ಸಿಗುವವರೆಗೆ ದಿನಾಂಕವನ್ನೂ ಗೊತ್ತುಮಾಡಬೇಡಿ. ಹವ್ಯಾಸಿ ಸ್ಕೂಬಾ ಮುಳುಗುಗಾರರಿಗೆ ಸಾಮಾನ್ಯವಾಗಿ ಒಪ್ಪಿತವಾಗಿರುವ ಗರಿಷ್ಠ ಆಳ 40 ಮೀಟರ್. ಅಷ್ಟು ಆಳದಲ್ಲಿ ಅವರು ಕೆಲಸ ಮಾಡಬಲ್ಲ ಅವಧಿಯೂ ಕೆಲವೇ ನಿಮಿಷ. ಆದ್ದರಿಂದ ನಿಮ್ಮ ರಕ್ಷಣಾ ತಂಡದಲ್ಲಿ ಅಂಥವರೇ ಇದ್ದರೆ ತಳ 30 ಮೀಟರ್ ಮೀರದ ಜಾಗವೇ ಸೂಕ್ತ. 100 ಮೀಟರ್ ಸಾಮರ್ಥ್ಯದ ನೌಕೆ ತಂದವರಿಗೆ ಇದು ಸಪ್ಪೆಯೆನಿಸಬಹುದು, ಎನಿಸಲಿ; ಅವರು ಆಳಕ್ಕೆ ಇಳಿಯಲು ಬೇರೆ ದಿನಗಳಿವೆ.

ಇಲ್ಲಿ ನಾನು ಹೇಳುತ್ತಿರುವುದು ಮುಳುಗುವ ಆಳವನ್ನಲ್ಲ, ತಳದ ಆಳವನ್ನು. ತೇಲುಬಲ ಕಳೆದುಕೊಂಡ ನೌಕೆ ನಾವು ಗೊತ್ತುಮಾಡಿದ ಮಿತಿಯಲ್ಲಿ ನಿಲ್ಲುವುದಿಲ್ಲ, ತಳ ಮುಟ್ಟುವವರೆಗೂ ಇಳಿಯುತ್ತದೆ. ಹಾಗಾಗಿ ಆ ವಲಯದ ತಳವು, ಬಂದಿರುವ ನೌಕೆಗಳಲ್ಲಿ ಅತ್ಯಂತ ದುರ್ಬಲವಾದದ್ದರ ಸುರಕ್ಷಿತ ಆಳಕ್ಕಿಂತ ಮೇಲೆಯೇ ಇರಬೇಕು. ಹಳೆಯ ನಕ್ಷೆಯನ್ನು ನಂಬದೆ, ದೋಣಿಯಲ್ಲಿ ಶಬ್ದದಿಂದ ಆಳ ಅಳೆಯುವ ಎಕೋ ಸೌಂಡರ್ ಇಟ್ಟುಕೊಂಡು ನೀವೇ ಹಿಂದಕ್ಕೂ ಮುಂದಕ್ಕೂ ಗೆರೆ ಎಳೆದಂತೆ ಸಾಗಿ ಅಳೆಯಿರಿ. ಜಲಾಶಯವಾದರೆ ಮುಳುಗಿದ ಮರಗಳು, ಬೇಲಿ ತಂತಿಗಳು ಇರುತ್ತವೆ ಮತ್ತು ನೀರು ಸೆಳೆಯುವ ತೂಬುಗಳಿಂದ ಬಹಳ ದೂರವಿರಬೇಕಾಗುತ್ತದೆ. ಎಲ್ಲ ಕಡೆಯೂ ಮೀನುಗಾರರ ಹರಿದ ಬಲೆಗಳ ಭಯ ಇದ್ದೇ ಇದೆ. 1973ರ ಜೂನ್‌ನಲ್ಲಿ ಅಮೆರಿಕದ ಫ್ಲಾರಿಡಾ ಕರಾವಳಿಯಲ್ಲಿ ಜಾನ್ಸನ್ ಸೀ ಲಿಂಕ್ ಎಂಬ ನೌಕೆ ಮುಳುಗಿಸಲಾಗಿದ್ದ ಹಡಗೊಂದರ ಅವಶೇಷದಲ್ಲಿ ಸಿಕ್ಕಿಬಿದ್ದು, ಮೇಲೆ ತರುವಷ್ಟರಲ್ಲಿ ಅದರಲ್ಲಿದ್ದ ನಾಲ್ವರಲ್ಲಿ ಇಬ್ಬರು ತೀರಿಕೊಂಡಿದ್ದರು. ಅದರ ಕವಚಕ್ಕೆ ಏನೂ ಆಗಿರಲಿಲ್ಲ. ಅವಶೇಷಗಳ ಸುತ್ತ ನೋಡುವ ಆಸೆಯನ್ನು ಸಾಮೂಹಿಕ ಕೂಟದಲ್ಲಿ ಬಿಟ್ಟುಬಿಡುವುದು ಮೇಲು.

ಎಷ್ಟು ನೌಕೆಗಳು ಎಂದು ಕೇಳಿದ್ದೀರಿ. ಎರಡಕ್ಕಿಂತ ಹೆಚ್ಚು ಬೇಡ. ಆ ಎರಡೂ ಬೇರೆ ಬೇರೆ ವಲಯದಲ್ಲಿರಲಿ, ಪ್ರತಿಯೊಂದಕ್ಕೂ ತನ್ನದೇ ಕಾವಲು ದೋಣಿ ಇರಲಿ. ರೇಡಿಯೋ ತರಂಗಗಳು ನೀರಿನೊಳಗೆ ಬಹುಮಟ್ಟಿಗೆ ನಿಷ್ಪ್ರಯೋಜಕ, ಆಂಟೆನಾ ಮುಳುಗಿದ ಕ್ಷಣವೇ ಕೈಯಲ್ಲಿನ ವಾಕಿಟಾಕಿ ಮೂಕವಾಗುತ್ತದೆ. ಶಬ್ದದಿಂದ ಕೆಲಸ ಮಾಡುವ ನೀರೊಳಗಿನ ಟೆಲಿಫೋನ್ ಬೇಕು, ಎಲ್ಲರದೂ ಒಂದೇ ಆವರ್ತನದಲ್ಲಿರಬೇಕು. ಇದನ್ನು ಹಿಂದಿನ ಸಂಜೆಯೇ ದಡದ ಬಳಿ ಜೋಡಿ ಜೋಡಿಯಾಗಿ ಪರೀಕ್ಷಿಸಿ. ಬೆಚ್ಚಗಿನ ಮೇಲುನೀರು ತಣ್ಣನೆಯ ಕೆಳನೀರನ್ನು ಸಂಧಿಸುವಲ್ಲಿ ಶಬ್ದ ಬಾಗುವುದರಿಂದ, ಮೇಲೆ ಚೆನ್ನಾಗಿ ಕೇಳುತ್ತಿದ್ದ ದನಿ ಕೆಲವು ಮೀಟರ್ ಇಳಿದೊಡನೆ ಕಳೆದುಹೋಗುವುದುಂಟು. ಪ್ರತಿ 15 ನಿಮಿಷಕ್ಕೊಮ್ಮೆ ಮಾತಾಗಬೇಕು. ಒಮ್ಮೆ ಸಂಪರ್ಕ ತಪ್ಪಿದರೆ ಚಾಲಕ ಯಾರ ಅಪ್ಪಣೆಗೂ ಕಾಯದೆ ನಿಧಾನವಾಗಿ ಮೇಲೆ ಬರಬೇಕು. ಕಾವಲು ದೋಣಿ ಆ ಹೊತ್ತಿಗೆ ನೌಕೆಯ ನೆತ್ತಿಯಿಂದ ದೂರ ಸರಿದು ಎಂಜಿನ್ ತಟಸ್ಥವಾಗಿಟ್ಟಿರಬೇಕು.

ದಡದಲ್ಲಿ ಒಂದು ಬೋರ್ಡ್ ನಿಲ್ಲಿಸಿ. ನೌಕೆಯ ಹೆಸರು, ಒಳಗಿರುವವರು, ಮುಚ್ಚಳ ಹಾಕಿದ ಸಮಯ, ಕೊನೆಯ ಬಾರಿ ಮಾತಾಡಿದ ಸಮಯ, ಮೇಲೆ ಬಂದಿರಲೇಬೇಕಾದ ಸಮಯ, ಇಷ್ಟೇ ಕಲಮುಗಳು ಸಾಕು. ಅದನ್ನು ಬರೆಯುವವರಿಗೆ ಆ ದಿನ ಬೇರಾವ ಕೆಲಸವೂ ಇರಬಾರದು, ಅವರು ತಾವೂ ಮುಳುಗಲು ಸರದಿಯಲ್ಲಿ ಕಾದವರಾಗಿರಬಾರದು. ಕೊನೆಯ ಕಲಮಿನ ಸಮಯ ಮೀರಿದರೆ ರಕ್ಷಣಾ ಕಾರ್ಯ ಆರಂಭಿಸುವ ಅಧಿಕಾರ ಅವರೊಬ್ಬರದೇ, ಚರ್ಚೆ ಆಮೇಲೆ.

ಒಳಗಿನ ಗಾಳಿಯ ಕುರಿತು ಮತ್ತೊಬ್ಬರ ಉತ್ತರ

ಹೊಸಬರು ಆಮ್ಲಜನಕದ ಸಿಲಿಂಡರನ್ನು ಪದೇ ಪದೇ ನೋಡುತ್ತಾರೆ, ಇಂಗಾಲದ ಡೈಆಕ್ಸೈಡನ್ನು ಮರೆಯುತ್ತಾರೆ. ಸುಮ್ಮನೆ ಕುಳಿತ ಒಬ್ಬ ಮನುಷ್ಯ ಗಂಟೆಗೆ ಸುಮಾರು 25 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆಂದುಕೊಳ್ಳಿ. ಒಳಗಿರುವ ಗಾಳಿ 1500 ಲೀಟರ್ ಆದರೆ, ಹೀರಿಕೊಳ್ಳುವ ವ್ಯವಸ್ಥೆ ನಿಂತ ಒಂದು ಗಂಟೆಯಲ್ಲಿ ಅದರ ಪ್ರಮಾಣ ಸುಮಾರು ಶೇ 1.7ರಷ್ಟಾಗುತ್ತದೆ. ಕೆಲಸದ ಸ್ಥಳಗಳಿಗೆ ಒಪ್ಪಿರುವ ಶೇ 0.5ರ ಮಿತಿಯನ್ನು ಅದು 20 ನಿಮಿಷದೊಳಗೇ ದಾಟಿರುತ್ತದೆ. ತಲೆನೋವು, ಏದುಸಿರು ಬಂದಮೇಲೆ ಎಚ್ಚೆತ್ತುಕೊಳ್ಳುತ್ತೇನೆ ಎನ್ನುವುದು ತಪ್ಪು ಲೆಕ್ಕ, ಏಕೆಂದರೆ ಅಷ್ಟರಲ್ಲಿ ನಿರ್ಣಯಶಕ್ತಿಯೂ ಮಂಕಾಗಿರುತ್ತದೆ. ಎರಡೂ ಅನಿಲಗಳಿಗೆ ಬೇರೆ ಬೇರೆ ಮಾಪಕವಿಲ್ಲದ ನೌಕೆಯನ್ನು ಕೂಟಕ್ಕೆ ಸೇರಿಸಬೇಡಿ.

ಮೇಲಿನವರು ಹೇಳಿದ ಜಾನ್ಸನ್ ಸೀ ಲಿಂಕ್ ಪ್ರಕರಣದಲ್ಲಿ ತೀರಿಕೊಂಡವರಿದ್ದ ಹಿಂಬದಿಯ ಕೋಣೆ ಅಲ್ಯೂಮಿನಿಯಂನದು. ಅದು ಸಮುದ್ರದ ನೀರಿನಷ್ಟೇ ತಣ್ಣಗಾದ್ದರಿಂದ ಇಂಗಾಲದ ಡೈಆಕ್ಸೈಡ್ ಹೀರುವ ರಾಸಾಯನಿಕದ ಕೆಲಸ ಕುಗ್ಗಿತ್ತು. ಅದೇ ಕೆಲಸಕ್ಕೆ ಬಳಸುವ ಸೋಡಾ ಲೈಮ್‌ಗೂ ಚಳಿ ಆಗದು. ಹಾಗಾಗಿ ಡಬ್ಬಿಯ ಮೇಲೆ ಮುದ್ರಿಸಿದ ಅವಧಿಯನ್ನು ಪೂರ್ತಿ ನಂಬದೆ, ನಿಮ್ಮ ನೀರಿನ ಉಷ್ಣತೆಯಲ್ಲಿ ಅದು ಎಷ್ಟು ಹೊತ್ತು ಬಾಳುತ್ತದೆಂದು ದಡದಲ್ಲೇ ಪರೀಕ್ಷಿಸಿಕೊಂಡು ಬರಲು ಎಲ್ಲರಿಗೂ ತಿಳಿಸಿ. ಪ್ರಮಾಣೀಕರಣ ಸಂಸ್ಥೆಗಳ ನಿಯಮಗಳಲ್ಲಿ ಸಾಮಾನ್ಯವಾಗಿ ಕಾಣುವ ಉಸಿರಾಟ ವ್ಯವಸ್ಥೆಯ ತುರ್ತು ಮೀಸಲು 72 ಗಂಟೆ. ಮನೆಯಲ್ಲಿ ಕಟ್ಟಿದ ನೌಕೆಗಳಲ್ಲಿ ಅದನ್ನು ಕೆಲವರು ಅತಿಯೆನ್ನುತ್ತಾರೆ, ನಾನು ಎನ್ನಲಾರೆ.

ಕೇಳಿದವರ ಮರುಪ್ರಶ್ನೆ

ವಿವರಗಳಿಗೆ ಧನ್ಯವಾದಗಳು. ಬರುವವರಲ್ಲಿ ಒಬ್ಬರ ನೌಕೆಯ ಒಳಗಿನ ಗಾಳಿಯ ಒತ್ತಡ ಹೊರಗಿನ ನೀರಿನ ಒತ್ತಡಕ್ಕೆ ಸಮನಾಗಿರುತ್ತದೆ. ಅದನ್ನು ಉಳಿದವುಗಳ ಜೊತೆಗೇ ಇಳಿಸಬಹುದೇ?

ಮೊದಲ ಉತ್ತರದವರಿಂದ

ಇಳಿಸಬಹುದು, ಆದರೆ ಲೆಕ್ಕದಲ್ಲಿ ಅವರನ್ನು ಜಲಾಂತರ್ಗಾಮಿ ಚಾಲಕರೆಂದಲ್ಲ, ಸ್ಕೂಬಾ ಮುಳುಗುಗಾರರೆಂದೇ ನೋಡಿ. 10 ಮೀಟರ್‌ನಿಂದ ಮೇಲೇರುವಷ್ಟರಲ್ಲಿ ಅವರ ಶ್ವಾಸಕೋಶದ ಗಾಳಿ ಇಮ್ಮಡಿಯಾಗಿ ಹಿಗ್ಗುತ್ತದೆ. ಗಾಬರಿಯಲ್ಲಿ ಉಸಿರು ಬಿಗಿಹಿಡಿದರೆ ಪ್ರಾಣಾಪಾಯ. ಸಂಪರ್ಕ ತಪ್ಪಿದೊಡನೆ ಮೇಲೆ ಬರಬೇಕೆಂಬ ನಿಯಮಕ್ಕೆ ಅವರ ಮಟ್ಟಿಗೆ ಏರುವ ವೇಗದ ಮಿತಿಯನ್ನೂ, ತಂಗಬೇಕಾದ ಆಳಗಳನ್ನೂ ಸೇರಿಸಿ ಬರೆದಿಡಿ. ಆ ದಿನಕ್ಕೆ ಮುಳುಗುಗಾರರ ಶುಶ್ರೂಷೆ ಬಲ್ಲ ವೈದ್ಯರನ್ನು ಮುಂಚಿತವಾಗಿ ಸಂಪರ್ಕಿಸಿರಬೇಕು.

ಎಳೆದೋಣಿ ನಡೆಸುವವರೊಬ್ಬರ ಉತ್ತರ

ಎಲ್ಲರೂ ಆಳದ ಮಾತಾಡುತ್ತಿದ್ದೀರಿ. ನಾನು ಕಂಡಂತೆ ಕೂಟದ ಗೊಂದಲವೆಲ್ಲ ಮೊದಲ ಎರಡು ಮೀಟರ್ ನೀರಿನಲ್ಲೇ ನಡೆಯುತ್ತದೆ. 1973ರ ಆಗಸ್ಟ್‌ನಲ್ಲಿ ಐರ್ಲೆಂಡಿನ ನೈಋತ್ಯಕ್ಕಿರುವ ಸಮುದ್ರದಲ್ಲಿ ಪೈಸೀಸ್ 3 ಎಂಬ ನೌಕೆ ಕೆಲಸ ಮುಗಿಸಿ ಮೇಲೆ ಬಂದಾಗಿತ್ತು. ಎಳೆಯುವ ಹಗ್ಗ ಹಿಂಬದಿಯ ಯಂತ್ರಕೋಶದ ಮುಚ್ಚಳಕ್ಕೆ ತೊಡರಿ ಅದನ್ನು ಕಿತ್ತುಹಾಕಿತು. ನೀರು ನುಗ್ಗಿ ನೌಕೆ ಸುಮಾರು 480 ಮೀಟರ್ ಆಳಕ್ಕೆ ಹೋಗಿ ಬಿತ್ತು. ಒಳಗಿದ್ದ ರೋಜರ್ ಚಾಪ್‌ಮನ್ ಮತ್ತು ರೋಜರ್ ಮ್ಯಾಲಿನ್ಸನ್ ಅವರನ್ನು ಸೆಪ್ಟೆಂಬರ್ 1ರಂದು ಮೇಲೆ ತಂದಾಗ ಉಳಿದಿದ್ದ ಆಮ್ಲಜನಕ ಕೆಲವೇ ನಿಮಿಷಗಳದ್ದು.

ಹೀಗಾಗಿ ಪ್ರತಿ ನೌಕೆಯ ಎಳೆಯುವ ಕೊಂಡಿ ಎಲ್ಲಿದೆ, ಎತ್ತುವ ಕೊಂಡಿ ಎಲ್ಲಿದೆ, ಹಗ್ಗ ಯಾವುದಕ್ಕೆ ತಗಲಬಾರದು ಎಂಬುದನ್ನು ದೋಣಿಯವರು ನೀರಿಗಿಳಿಸುವ ಮುನ್ನವೇ ಕೈಯಿಂದ ಮುಟ್ಟಿ ನೋಡಿರಬೇಕು. ಕೊಂಡಿಗಳಿಗೆ ಎದ್ದುಕಾಣುವ ಬಣ್ಣ ಬಳಿಯಿರಿ. ಮೇಲೆ ಬಂದ ಚಾಲಕ ಕೈ ಬೀಸಲೆಂದು ಮುಚ್ಚಳ ತೆಗೆಯಬಾರದು. ಇವುಗಳ ಮುಚ್ಚಳದ ಅಂಚು ನೀರಿನಿಂದ ಗೇಣುದ್ದ ಮೇಲಿದ್ದರೆ ಹೆಚ್ಚು. ದಾಟಿಹೋಗುವ ಮೋಟಾರು ದೋಣಿಯೊಂದರ ಅಲೆ ಸಾಕು, ಕ್ಷಣಮಾತ್ರದಲ್ಲಿ ಒಳಗೆ ನೂರಾರು ಲೀಟರ್ ನೀರು. ಹಾಗೆಂದು ಕೆಳಗಿದ್ದಾಗ ಮುಚ್ಚಳ ತೆರೆದು ಹೊರಬರಬಹುದೆಂಬ ಧೈರ್ಯವೂ ಬೇಡ: 60 ಸೆಂಟಿಮೀಟರ್ ವ್ಯಾಸದ ಮುಚ್ಚಳದ ಮೇಲೆ 10 ಮೀಟರ್ ಆಳದಲ್ಲೇ ಸುಮಾರು 2.8 ಟನ್ ಒತ್ತಡ ಇರುತ್ತದೆ.

ಸಮುದ್ರದಲ್ಲಿ ತೂಕ ಸರಿಹೊಂದಿಸಿಕೊಂಡ ನೌಕೆಯನ್ನು ಸಿಹಿನೀರಿಗೆ ತಂದರೆ, ಎರಡು ಟನ್ ನೌಕೆಗೆ 50 ಕಿಲೋದಷ್ಟು ತೇಲುಬಲ ಕಡಿಮೆಯಾಗುತ್ತದೆ. ಆದ್ದರಿಂದ ಮೊದಲ ಬೆಳಿಗ್ಗೆಯನ್ನು ದಡದ ಪಕ್ಕದ ಮೂರು ಮೀಟರ್ ನೀರಿನಲ್ಲಿ ಸಮತೋಲನ ನೋಡುವುದಕ್ಕೂ, ತುರ್ತಿನಲ್ಲಿ ಕಳಚುವ ತೂಕವನ್ನು ನಿಜವಾಗಿಯೂ ಕಳಚಿ ನೋಡುವುದಕ್ಕೂ ಮೀಸಲಿಡಿ. ತುಕ್ಕು ಹಿಡಿದು ಕಚ್ಚಿಕೊಂಡ ತೂಕಗಳು ಅಲ್ಲೇ ಬಯಲಾಗುತ್ತವೆ.

ಜಾಗದ ಒಡೆತನ ಯಾರದೋ ಅವರ ಲಿಖಿತ ಅನುಮತಿ, ಸ್ಥಳೀಯ ರಕ್ಷಣಾ ಪಡೆಗೆ ಮುಂಚಿತ ಸೂಚನೆ, ಕಾವಲು ದೋಣಿಗಳ ಮೇಲೆ ಮುಳುಗುಗಾರರಿದ್ದಾರೆಂದು ಸಾರುವ ನೀಲಿ ಬಿಳಿ ಬಾವುಟ, ಇವು ಇದ್ದೇ ಇರಬೇಕು. ಬ್ಯಾಟರಿ ಚಾರ್ಜ್ ಮಾಡುವಾಗ ನೌಕೆಯ ಮುಚ್ಚಳ ತೆರೆದಿರಲಿ, ಫ್ಯಾನ್ ಓಡುತ್ತಿರಲಿ. ಚಾರ್ಜ್ ಆಗುವಾಗ ಹೊರಬರುವ ಹೈಡ್ರೋಜನ್ ಗಾಳಿಯಲ್ಲಿ ಶೇ 4 ಸೇರಿದರೆ ಹೊತ್ತಿಕೊಳ್ಳಲು ಕಿಡಿಯೊಂದು ಸಾಕು. ನೋಡಲು ಬಂದವರು ಅಕ್ರಿಲಿಕ್ ಕಿಟಕಿಗಳನ್ನು ಉಪಕಾರಕ್ಕೆಂದು ಗಾಜು ಒರೆಸುವ ದ್ರಾವಣದಿಂದ ಉಜ್ಜದಂತೆ ಒಬ್ಬರನ್ನು ನಿಲ್ಲಿಸಿ, ಅದರಿಂದ ಸೂಕ್ಷ್ಮ ಬಿರುಕುಗಳು ಹುಟ್ಟುತ್ತವೆ.

ಎರಡನೆಯ ದಿನ ಮಧ್ಯಾಹ್ನದ ನಂತರ ಹೊಸ ಮುಳುಗು ಇಟ್ಟುಕೊಳ್ಳಬೇಡಿ. ಒಂದೇ ಇಳಿಜಾರಿನಲ್ಲಿ ಆರು ನೌಕೆಗಳನ್ನು ಟ್ರೈಲರ್‌ಗೆ ಹತ್ತಿಸಲು ಇಳಿಸಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, ಒದ್ದೆ ಇಳಿಜಾರಿನಲ್ಲಿ ಎರಡು ಟನ್ ಹೊತ್ತ ಟ್ರೈಲರನ್ನು ಎಳೆಯುವ ಕೆಲಸ ಬೆಳಕಿರುವಾಗಲೇ ಮುಗಿಯಬೇಕು.