ಎಂಬಾರ್ಗೋ ಮುರಿದವರ ಮೇಲೆ ಕೇಸ್ ಹಾಕಬಹುದಾ?

ಪ್ರಶ್ನೆ: ನಾನು ಮಂಡ್ಯದವನು. ಒಂದು ಸಂಶೋಧನಾ ಸಂಸ್ಥೆಗೆ ಪ್ರೆಸ್ ನೋಟ್ ಬರೆದುಕೊಡುತ್ತೇನೆ. ನಮ್ಮ ವಿಜ್ಞಾನಿಯೊಬ್ಬರ ಪ್ರಬಂಧ ವಿದೇಶಿ ಜರ್ನಲ್‌ನಲ್ಲಿ ಬರುವುದಿತ್ತು. ಸೋಮವಾರವೇ ನೋಟನ್ನು ಕನ್ನಡಕ್ಕೆ ಮಾಡಿ, ಮೈಸೂರು-ಮಂಡ್ಯ ವರದಿಗಾರರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಮೇಲೆ ದಪ್ಪ ಅಕ್ಷರದಲ್ಲಿ 'ಬುಧವಾರ 4 ಗಂಟೆಯ ತನಕ ಪ್ರಕಟಿಸಬಾರದು' ಅಂತ ಎಂಬಾರ್ಗೋ (ಅಷ್ಟು ಹೊತ್ತಿನ ತನಕ ಸುದ್ದಿಗೆ ತಡೆ) ಕೂಡ ಇತ್ತು. ಬುಧವಾರ ಸಂಜೆ ಕಾಫಿ ಕುಡಿಯುತ್ತಾ ಫೋನ್ ನೋಡಿದರೆ ಒಂದು ವೆಬ್‌ಸೈಟ್‌ನಲ್ಲಿ ಸುದ್ದಿ ಬಂದೇ ಬಿಟ್ಟಿದೆ! ಜರ್ನಲ್‌ನವರಿಂದ ಮೇಲ್, ಸಾಹೇಬರಿಂದ ಬೈಗುಳ. ಆ ವರದಿಗಾರರ ಮೇಲೆ ಕೇಸ್ ಹಾಕಬಹುದಾ?

ಉತ್ತರ 1: ಕೇಸ್ ಎಲ್ಲಿಂದ ಬಂತು ಸಾರ್? ಮೈಸೂರಿನ ಸುದ್ದಿ ಡೆಸ್ಕಿನಲ್ಲಿ 22 ವರ್ಷ ಕೂತವನು ಹೇಳುತ್ತಿದ್ದೇನೆ, ಎಂಬಾರ್ಗೋ ಅಂದರೆ ಕೊಟ್ಟ ಮಾತು, ಅಷ್ಟೇ. ಮೊದಲು 'ಇಷ್ಟು ಗಂಟೆ ತನಕ ಇಟ್ಟುಕೊಳ್ಳುತ್ತೀರಾ' ಅಂತ ಕೇಳಬೇಕು. ಅವರು ಹೂಂ ಅಂದ ಮೇಲೆ ನೋಟ್ ಕಳಿಸಬೇಕು. ಗ್ರೂಪಿಗೆ ಎಸೆದರೆ ಹೂಂ ಅಂದವರು ಯಾರು? ಮಾತಿಗೆ ತಪ್ಪಿದವರನ್ನು ಮುಂದಿನ ಸಲ ಪಟ್ಟಿಯಿಂದ ತೆಗೆಯುತ್ತಾರೆ. ಅಪರೂಪಕ್ಕೆ ಕೆಲಸವೂ ಹೋಗುತ್ತದೆ. 1945ರಲ್ಲಿ ಜರ್ಮನಿ ಶರಣಾದ ಸುದ್ದಿಯನ್ನು ಎಪಿ ಸುದ್ದಿಸಂಸ್ಥೆಯ ಎಡ್ವರ್ಡ್ ಕೆನಡಿ ಹೀಗೇ ಮುಂಚೆ ಕೊಟ್ಟು ಕೆಲಸ ಕಳೆದುಕೊಂಡರು. ಎಪಿ ತಪ್ಪಾಯ್ತು ಅಂದದ್ದು 2012ರಲ್ಲಿ. ಅಷ್ಟರಲ್ಲಿ ಅವರು ಸತ್ತು ಎಷ್ಟೋ ಕಾಲವಾಗಿತ್ತು.

ನಮಗೂ ಎಂಬಾರ್ಗೋ ಬೇಕು ಅನ್ನಿ. ಎರಡು ದಿನ ಸಿಕ್ಕರೆ ಪ್ರಬಂಧ ಓದಬಹುದು, ಬೇರೆ ವಿಜ್ಞಾನಿಗೆ ಫೋನ್ ಮಾಡಿ 'ಇದು ಸರೀನಾ' ಅಂತ ಕೇಳಬಹುದು. ಇಲ್ಲದಿದ್ದರೆ ನಿಮ್ಮ ನೋಟನ್ನೇ ಹೆಡ್ಡಿಂಗ್ ಬದಲಿಸಿ ಹಾಕುತ್ತೇವೆ, ಸುಮ್ನೆ ಯಾಕೆ ಸುಳ್ಳು ಹೇಳಲಿ.

ಒಂದು ಅನುಮಾನ. ನಿಮ್ಮ 4 ಗಂಟೆ ಯಾವ ಊರಿನದು? ನೇಚರ್‌ನಂಥ ಜರ್ನಲ್ ಆದರೆ ಅದು ಲಂಡನ್ ಗಡಿಯಾರ. ಈಗ ಅಲ್ಲಿ ಬೇಸಿಗೆ, ನಮಗೆ ರಾತ್ರಿ 8.30. ಚಳಿಗಾಲದಲ್ಲಿ 9.30.

ಉತ್ತರ 2: ನಾನೂ ಆ ಗ್ರೂಪಿನಲ್ಲಿದ್ದೇನೆ. ಆ ವೆಬ್‌ಸೈಟ್‌ನವರು ಹಾಕಿದ್ದು ನಮ್ಮ ಗಡಿಯಾರದ 4.05ಕ್ಕೆ. ಒಬ್ಬರಲ್ಲಿ ಬಂದ ಮೇಲೆ ನಮ್ಮ ಆಫೀಸಿನವರು ಕಾಯುತ್ತಾರಾ? 4.30ಕ್ಕೆ ನಾವೂ ಹಾಕಿದೆವು.

ಪ್ರಶ್ನೆ ಕೇಳಿದವರು: ಇಂಗ್ಲಿಷ್ ನೋಟ್ ತೆಗೆದು ನೋಡಿದೆ. 'ಲಂಡನ್ ಸಮಯ' ಅನ್ನುವುದು ಕೆಳಗಿನ ಸಾಲಿಗೆ ಜಾರಿದೆ. ಅವಸರದಲ್ಲಿ ಮೇಲಿನ ಸಾಲು ಮಾತ್ರ ಕನ್ನಡಕ್ಕೆ ಬಂದಿದೆ. ಆ ವರದಿಗಾರರಿಗೆ ಅವತ್ತು ರಾತ್ರಿ ಸ್ವಲ್ಪ ಜಾಸ್ತಿಯೇ ಮಾತಾಡಿದ್ದೆ. ನಾಳೆ ಮೈಸೂರಿಗೆ ಬಂದು ತಪ್ಪಾಯ್ತು ಅನ್ನುತ್ತೇನೆ. ಎಪಿಯವರ ಹಾಗೆ 67 ವರ್ಷ ಕಾಯುವುದಿಲ್ಲ.