ಆಮ್‌ಸ್ಟರ್‌ಡ್ಯಾಮ್ ಕಾಲುವೆಯಲ್ಲಿ ರಾತ್ರಿ ಊಟದ ಬೋಟ್: ಹೋಗಿ ಬಂದವರು ಸ್ವಲ್ಪ ಹೇಳಿ

ಕೇಳಿದವರು, ಚಿಕ್ಕಮಗಳೂರು:

ಜೂನ್ ಮೊದಲ ವಾರ ಮಗಳ ಮನೆಗೆ ಹೋಗುತ್ತಿದ್ದೇವೆ, ಆಮ್‌ಸ್ಟರ್‌ಡ್ಯಾಮ್ ಪಕ್ಕದ ಆಮ್‌ಸ್ಟಲ್‌ವೇನ್‌ಗೆ. ನಾನು, ನಮ್ಮ ಮನೆಯವರು, ಅತ್ತೆ. ಅತ್ತೆಗೆ 74. ನಮ್ಮ ಮದುವೆಯಾಗಿ 30 ವರ್ಷ ಆಯಿತು ಅಂತ ಮಗಳು ಬೋಟ್‌ನಲ್ಲಿ ಊಟ ಹಾಕಿಸುತ್ತೇನೆ ಅನ್ನುತ್ತಿದ್ದಾಳೆ. ನೆಟ್‌ನಲ್ಲಿ ನೋಡಿದರೆ ಇಪ್ಪತ್ತು ಥರ ಇದೆ, ಎಲ್ಲದಕ್ಕೂ ನಾಲ್ಕೂವರೆ ಸ್ಟಾರ್! ನಾವು ಸಸ್ಯಾಹಾರಿಗಳು, ಅತ್ತೆ ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟುವುದಿಲ್ಲ. ಯಾವುದನ್ನು ಆರಿಸಿಕೊಳ್ಳುವುದು?

ಮೂಡಿಗೆರೆಯಿಂದ:

ಅಕ್ಕ, ನಾವು ಎರಡು ವರ್ಷದ ಹಿಂದೆ ಜೂನ್‌ನಲ್ಲೇ ಹೋಗಿದ್ದೆವು, ಹೆಚ್ಚುಕಡಿಮೆ ನಿಮ್ಮದೇ ಕೇಸು. ನನ್ನ ಕೇಳಿದರೆ ಊಟ ಬೇರೆ, ಬೋಟ್ ಬೇರೆ ಮಾಡಿಕೊಳ್ಳಿ. ಎರಡನ್ನೂ ಒಂದೇ ಟಿಕೆಟ್‌ನಲ್ಲಿ ತೆಗೆದುಕೊಂಡು ನಮಗೆ ಎರಡೂ ಅರ್ಧಂಬರ್ಧ ಆಯಿತು.

ನಮ್ಮದು ಎರಡೂವರೆ ಗಂಟೆಯ ಟ್ರಿಪ್, ನಾಲ್ಕು ಸುತ್ತಿನ ಊಟ, ತಲೆಗೆ 95 ಯೂರೋ. ಕಂಪನಿ ಹೆಸರು ಬೇಡ ಬಿಡಿ. ಫೋಟೋದಲ್ಲಿ ಹೇಗಿತ್ತು ಅಂದರೆ, ರಾತ್ರಿ, ಸೇತುವೆಯ ಕಮಾನಿಗೆಲ್ಲ ಸಾಲುದೀಪ, ಅದೆಲ್ಲ ನೀರಿನಲ್ಲಿ ಮಿಣಮಿಣ ಅನ್ನುತ್ತಿದೆ, ಮೇಜಿನ ಮೇಲೊಂದು ಮೇಣದಬತ್ತಿ. ಏಳಕ್ಕೆ ಹತ್ತಿದೆವು, ಒಂಬತ್ತೂವರೆಗೆ ಇಳಿದೆವು. ಇಳಿದಾಗಲೂ ಬಿಸಿಲು! ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಹತ್ತು ಗಂಟೆ, ಆಮೇಲೂ ಎಷ್ಟೋ ಹೊತ್ತು ಆಕಾಶ ಬೆಳ್ಳಗೇ ಇರುತ್ತದೆ. ಏಳು ಗಂಟೆ ಅಂದರೆ ಕತ್ತಲು ಅನ್ನುವ ಊರಿನವರು ನಾವು, ಬುಕ್ ಮಾಡುವಾಗ ಇದು ತಲೆಗೇ ಬರಲಿಲ್ಲ. ಬೋಟಿಗೆ ಮೇಲೆಲ್ಲ ಗಾಜು, ಇಳಿಬಿಸಿಲು ನೇರ ಮುಖಕ್ಕೆ. ಕಣದಲ್ಲಿ ಹರಡಿದ ಕಾಫಿ ಥರ ಒಣಗಿದೆವು.

ಚಳಿಗಾಲದಲ್ಲಾದರೆ ಮಾತು ಬೇರೆ. ಡಿಸೆಂಬರ್‌ನಲ್ಲಿ ನಾಲ್ಕೂವರೆಗೇ ಹೊತ್ತು ಮುಳುಗುತ್ತದೆ, ಅದೇ ಸಮಯಕ್ಕೆ ಲೈಟ್ ಫೆಸ್ಟಿವಲ್ ಅಂತ ಕಾಲುವೆ ಉದ್ದಕ್ಕೂ ಬೆಳಕಿನ ಕಲಾಕೃತಿಗಳನ್ನು ಇಡುತ್ತಾರೆ, 2012ರಲ್ಲಿ ಶುರುವಾದದ್ದು. ಆದರೆ ಡಿಸೆಂಬರ್ ಅಂದರೆ ಕೊಯ್ಲು, ತೋಟ ಬಿಟ್ಟು ಹೋಗುವುದು ಯಾರು?

ಇನ್ನು ಊಟ. ಬುಕ್ ಮಾಡುವಾಗ ವೆಜಿಟೇರಿಯನ್ ಅಂತ ಗುರುತು ಹಾಕಿದ್ದೆವು, ಅವರು ಕೊಟ್ಟದ್ದೂ ವೆಜಿಟೇರಿಯನ್ನೇ, ಅದರಲ್ಲಿ ಮೋಸ ಇಲ್ಲ. ಬೀಟ್‌ರೂಟ್ ಮೇಲೆ ಆಡಿನ ಹಾಲಿನ ಚೀಸು, ಆಮೇಲೊಂದು ಸೂಪು, ಆಮೇಲೆ ಅಣಬೆ ಹಾಕಿದ ಮುದ್ದೆ ಅನ್ನ, ಅದರ ಮೇಲೂ ಚೀಸು, ಕೊನೆಗೆ ಚೀಸ್‌ಕೇಕ್. ನಮ್ಮ ಅಮ್ಮ ಎರಡೂವರೆ ಗಂಟೆ ಬರೀ ಬ್ರೆಡ್ಡು, ಬೆಣ್ಣೆ ತಿಂದರು. ಅಲ್ಲಿನ ಎಷ್ಟೋ ಗಟ್ಟಿ ಚೀಸಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ, ಸಿಹಿಗಳಲ್ಲಿ ಮೊಟ್ಟೆ ಇದ್ದೇ ಇರುತ್ತದೆ. ಅವರ ಲೆಕ್ಕದಲ್ಲಿ ಇದೆಲ್ಲ ಸಸ್ಯಾಹಾರ. ಅತ್ತೆಯವರಿಗೆ ವೀಗನ್ ಊಟ ಅಂತಲೇ ಬರೆಸಿದರೆ ಹಾಲು ಮೊಸರು ತಪ್ಪಿದರೂ ಮೊಟ್ಟೆ, ರೆನೆಟ್ ಎರಡರ ಚಿಂತೆ ಇರುವುದಿಲ್ಲ. ಅದನ್ನೂ ಮುಂಚೆಯೇ ಬರೆಸಬೇಕು. ಸೇತುವೆಗಳು ತಗ್ಗು, ಹಾಗಾಗಿ ಬೋಟೂ ತಗ್ಗು, ಒಳಗೆ ದೊಡ್ಡ ಅಡುಗೆಮನೆಗೆ ಜಾಗ ಎಲ್ಲಿ? ನಮ್ಮ ಬೋಟಿನಲ್ಲಂತೂ ದಡದಲ್ಲಿ ಮಾಡಿ ತಂದದ್ದನ್ನು ಬಿಸಿ ಮಾಡಿ ಬಡಿಸಿದರು. ಹತ್ತಿದ ಮೇಲೆ ಬೇರೆ ಏನಾದರೂ ಮಾಡಿಕೊಡಿ ಅಂದರೆ ಅವರು ತಾನೇ ಏನು ಮಾಡಿಯಾರು.

ಜೊತೆಗೆ ಆ 95ರಲ್ಲಿ ವೈನು, ಬಿಯರು ಎಲ್ಲ ಸೇರಿಸಿದ್ದರು. ನಾವು ಕುಡಿದದ್ದು ನೀರು.

ಕೊನೇ ದಿನ ಸುಮ್ನೆ ಒಂದು ಗಂಟೆಯ ಮಾಮೂಲಿ ಬೋಟ್ ಹತ್ತಿದೆವು, ತಲೆಗೆ 18 ಯೂರೋ, ಮನೆಯಲ್ಲಿ ಅನ್ನ ಸಾರು ಉಂಡು ಒಂಬತ್ತೂವರೆ ಟ್ರಿಪ್‌ಗೆ ಹೋದದ್ದು. ನಿಜವಾಗಿ ಊರು ನೋಡಿದ್ದು ಅವತ್ತು. ಹೆರೆನ್‌ಗ್ರಾಖ್ಟ್, ಕೈಜರ್ಸ್‌ಗ್ರಾಖ್ಟ್, ಪ್ರಿನ್ಸೆನ್‌ಗ್ರಾಖ್ಟ್ ಅಂತ ಒಂದರ ಹೊರಗೊಂದು ಬಳೆ ಇಟ್ಟ ಹಾಗೆ ಕಾಲುವೆಗಳು, 17ನೇ ಶತಮಾನದಲ್ಲಿ ತೋಡಿದ್ದು, 2010ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿವೆ. ದಡದ ಮನೆಗಳು ಕಿರಿದು, ಮೆಟ್ಟಿಲು ಇನ್ನೂ ಕಿರಿದು, ಹಾಗಾಗಿ ಮಾಳಿಗೆಯ ತುದಿಯಲ್ಲಿ ಒಂದು ತೊಲೆ, ಅದಕ್ಕೆ ಕೊಕ್ಕೆ. ಮಂಚ ಬೀರು ಎಲ್ಲ ಹಗ್ಗ ಕಟ್ಟಿ ಹೊರಗಿನಿಂದ ಎಳೆದು ಕಿಟಕಿಯಲ್ಲಿ ಒಳಗೆ ಹಾಕುತ್ತಾರೆ. ಊಟದ ಬೋಟಿನಲ್ಲಿ ಇದರಲ್ಲಿ ಒಂದೂ ಕಂಡಿರಲಿಲ್ಲ, ಕಣ್ಣೆಲ್ಲ ತಟ್ಟೆ ಮೇಲೆ ಇತ್ತಲ್ಲ. ರೆಗ್ಯುಲಿಯರ್ಸ್‌ಗ್ರಾಖ್ಟ್ ಅನ್ನುವ ಕಡೆ ಏಳು ಸೇತುವೆ ಒಂದರ ಹಿಂದೆ ಒಂದು ಕಾಣುವ ಜಾಗ ಬಂದಾಗ ದೀಪ ಹತ್ತಿತ್ತು. ಅಮ್ಮ ಕೈ ಮುಗಿದುಬಿಟ್ಟರು, ಬೇಲೂರಿನಲ್ಲಿ ದೀಪೋತ್ಸವ ನೋಡಿದ ಹಾಗೆ.

ಬೋಟಿಗೆ ಸಂಬಂಧ ಇಲ್ಲ, ಆದರೂ ನಮ್ಮ ಕಡೆಯವರು ಅಂತ ಹೇಳುತ್ತೇನೆ: ಅಲ್ಲಿ ಹಾರ್ಟಸ್ ಅಂತ ಹಳೇ ಸಸ್ಯತೋಟ ಇದೆ, ಹೋಗಿ ಬನ್ನಿ. 1706ರಲ್ಲಿ ಜಾವಾದಿಂದ ಒಂದು ಕಾಫಿ ಗಿಡ ಅಲ್ಲಿಗೆ ಬಂತು. ಜಾವಾಕ್ಕೆ ಡಚ್ಚರು ಕಾಫಿ ಒಯ್ದದ್ದು ಮಲಬಾರಿನ ಕಡೆಯಿಂದ. ನಮ್ಮ ಗಿರಿಯ ಕಾಫಿಗೆ ನೆಂಟಸ್ತನ ಇದ್ದರೂ ಇರಬಹುದು, ಅಲ್ವಾ?

ಹಾಸನದಿಂದ:

ಮೂಡಿಗೆರೆಯವರು ಜೂನ್ ನೋಡಿ ತೀರ್ಪು ಕೊಟ್ಟಿದ್ದಾರೆ. ನಾವು ಅಕ್ಟೋಬರ್ ಮಧ್ಯ ಹೋದದ್ದು, ಏಳು ಗಂಟೆಗೆ ಮುಂಚೆಯೇ ಸೂರ್ಯ ಮುಳುಗಿತ್ತು, ನಾವು ಮೀನು ತಿನ್ನುವವರು, ಊಟ ಚೆನ್ನಾಗಿತ್ತು, ಪ್ರತಿ ರೂಪಾಯಿಗೂ ಬೆಲೆ ಸಿಕ್ಕಿತು. ನಮ್ಮ ಬೋಟ್ ಬ್ಯಾಟರಿಯದ್ದು, ಸದ್ದೇ ಇಲ್ಲ. ಶಿರಾಡಿ ಘಾಟಿಯಲ್ಲಿ ಎರಡು ಸಲ ಗಾಡಿ ನಿಲ್ಲಿಸುವ ನಮ್ಮ ಮನೆಯವಳು ಪೂರ್ತಿ ಊಟ ಮಾಡಿದಳು, ಅಷ್ಟು ನಿಂತ ನೀರು.

ಊಟ ಇರಲಿ ಬಿಡಲಿ, ದೊಡ್ಡವರು ಜೊತೆಗಿದ್ದರೆ ಮೊದಲು ಕೇಳಬೇಕಾದದ್ದು ಟಾಯ್ಲೆಟ್ ಇದೆಯಾ ಅಂತ. ತೆರೆದ ಸಣ್ಣ ಬೋಟುಗಳಲ್ಲಿ ಇರುವುದಿಲ್ಲ. ಮತ್ತೆ, ದಡದಿಂದ ಬೋಟಿಗೆ ಮೆಟ್ಟಿಲು ಇಳಿಯಬೇಕು, ಯಗಚಿ ಡ್ಯಾಮಿನ ಹಾಗೆ ಕೈ ಹಿಡಿದು ಎಳೆದುಕೊಳ್ಳುವವರು ಇರುತ್ತಾರೆ ಅಂದುಕೊಳ್ಳಬೇಡಿ. ಕಿಟಕಿ ಸೀಟು ಗ್ಯಾರಂಟಿಯಾ ಅಂತಲೂ ನೋಡಿ, ನಡುವೆ ಕೂತರೆ ಪಕ್ಕದ ಮೇಜಿನವರ ತಲೆ ನೋಡಿಕೊಂಡು ಬರಬೇಕು. ಹತ್ತುವ ಜಾಗಗಳು ಹಲವು, ಸೆಂಟ್ರಲ್ ಸ್ಟೇಷನ್ ಎದುರು ನೂಕುನುಗ್ಗಲು ಜಾಸ್ತಿ. ರೈಕ್ಸ್‌ಮ್ಯೂಸಿಯಂ ಹತ್ತಿರದ್ದು ಸಿಕ್ಕರೆ ಒಳ್ಳೆಯದು, ಆಮ್‌ಸ್ಟಲ್‌ವೇನ್‌ನಿಂದ 5ನೇ ನಂಬರ್ ಟ್ರಾಮ್ ಆ ಕಡೆಗೇ ಬರುತ್ತದೆ.

ಸಕಲೇಶಪುರದಿಂದ:

ತಮ್ಮ ಅಲ್ಲೇ ಇದ್ದಾನೆ, ಅವನು ನಮ್ಮನ್ನು ಪ್ಯಾನ್‌ಕೇಕ್ ಬೋಟಿಗೆ ಕರೆದುಕೊಂಡು ಹೋದ. ದೋಸೆ ಥರದ್ದು, ಎಷ್ಟು ಬೇಕಾದರೂ ಹಾಕಿಸಿಕೊಳ್ಳಬಹುದು, ಮಕ್ಕಳಿಗೆ ಹಬ್ಬ. ಆದರೆ ಅದು ಹಳೇ ಕಾಲುವೆಗಳ ಒಳಗೆ ಹೋಗುವುದಿಲ್ಲ, ಸ್ಟೇಷನ್ ಹಿಂದಿನ ದೊಡ್ಡ ನೀರಿನಲ್ಲಿ ಸುತ್ತುತ್ತದೆ. ಹಿಟ್ಟಿಗೆ ಮೊಟ್ಟೆ ಹಾಕಿರುತ್ತಾರೆ, ಹಾಗಾಗಿ ನಿಮ್ಮ ಅತ್ತೆಯವರಿಗೆ ಆಗಲ್ಲ. ಆ ನೀರಿನ ಮೇಲೆ ಹೋಗಬೇಕು ಅಂದರೆ ಸ್ಟೇಷನ್ ಹಿಂದಿನಿಂದ ಸರ್ಕಾರಿ ದೋಣಿ ಪುಕ್ಕಟೆ ಇದೆ, ಸೈಕಲ್ ಸಮೇತ ಜನ ಹತ್ತುತ್ತಾರೆ.

ಊಟಕ್ಕೆ ಸುರಿನಾಮಿಗಳ ರೊಟ್ಟಿ ಅಂಗಡಿ ಹುಡುಕಿ. ಸುರಿನಾಮ್ ಡಚ್ಚರ ವಸಾಹತಾಗಿತ್ತು, 1873ರಿಂದ ಬಿಹಾರ, ಯುಪಿ ಕಡೆಯವರನ್ನು ಅಲ್ಲಿಗೆ ಕೂಲಿಗೆ ಒಯ್ದಿದ್ದರು, ಅವರ ಕಡೆಯವರು ಆಮೇಲೆ ನೆದರ್‌ಲ್ಯಾಂಡ್ಸ್‌ಗೆ ಬಂದು ನೆಲೆಸಿದ್ದಾರೆ. ರೊಟ್ಟಿ, ಆಲೂಗಡ್ಡೆ, ಅಲಸಂದೆಕಾಯಿ ಪಲ್ಯ. ಮೇಲೊಂದು ಬೇಯಿಸಿದ ಮೊಟ್ಟೆ ಇಡುವ ಅಭ್ಯಾಸ ಅವರಿಗೆ, ಬೇಡ ಅಂತ ಮೊದಲೇ ಹೇಳಿ.

ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ಇದನ್ನೆಲ್ಲ ಮಗಳಿಗೆ ಓದಿ ಹೇಳಿದೆ. ಅವಳು ಸರ್‌ಪ್ರೈಸ್ ಇರಲಿ ಅಂತ ಆಗಲೇ ನಾಲ್ಕು ಡಿನ್ನರ್ ಟಿಕೆಟ್ ಮಾಡಿಸಿಬಿಟ್ಟಿದ್ದಾಳಂತೆ, ಸಂಜೆ ಆರೂವರೆಯದ್ದು. ಈಗ ಅವಳಿಗೆ ಬೇಜಾರು, ನನಗೆ ಸಂಕಟ.

ಮೂಡಿಗೆರೆಯಿಂದ:

ಅಯ್ಯೋ. ಟಿಕೆಟ್‌ನಲ್ಲಿ ಎಷ್ಟು ಗಂಟೆ ಮುಂಚೆ ರದ್ದು ಮಾಡಬಹುದು ಅಂತ ಬರೆದಿರುತ್ತದೆ, ನೋಡಿ. ಆದರೆ ರದ್ದು ಮಾಡಬೇಡಿ ಅಕ್ಕ. 30 ವರ್ಷದ್ದು, ನೀವು ಮೂವರೇ ಹೋಗಿ ಬನ್ನಿ, ಕೊನೇ ಹೊತ್ತಿನ ಟ್ರಿಪ್‌ಗೆ ಬದಲಾಯಿಸಲು ಆಗುತ್ತದಾ ಕೇಳಿ. ಅತ್ತೆಯವರ ಟಿಕೆಟ್ ಒಂದನ್ನು ಮಾತ್ರ ವಾಪಸ್ ಮಾಡಿ, ಇನ್ನೊಂದು ದಿನ ಅವರನ್ನು 18 ಯೂರೋದ್ದಕ್ಕೆ ಕರೆದುಕೊಂಡು ಹೋಗಿ. ಸ್ವೆಟರ್ ಮರೆಯಬೇಡಿ, ಕತ್ತಲಾಗುತ್ತಿದ್ದ ಹಾಗೆ ಜೂನ್‌ನಲ್ಲೂ ಚಳಿ.